ಕೆಮ್ಮು ಕಾಣದ ಚಳಿಗಾಲ

6 ಡಿಸೆಂಬರ್ 2020

ಪ್ರೀತಿಯ ಪಿಟೀಲು,

ಕ್ಷೇಮ ಸಮಾಚಾರ ಕೊನೆಗಿರಲಿ, ಮೊದಲು ಜಗಳ. ಮೊನ್ನೆ ನಮ್ಮ ಈ ವೃದ್ಧರ ನಿಲಯದ ಮೇಟ್ರನ್ ತಮ್ಮ ಫೋನು ತಂದು ನಿನ್ನ ಮುಖ ತೋರಿಸಿದರಲ್ಲ, ಇನ್ನು ಆ ಆಟ ಬೇಡ. ನಿನ್ನ ತುಟಿ ಒಂದು ಸಲ ಅಲ್ಲಾಡಿ ಅಲ್ಲೇ ನಿಲ್ಲುತ್ತದೆ, ಆಮೇಲೆ ಮುಖವೆಲ್ಲ ಚೌಕಚೌಕವಾಗಿ ಒಡೆದುಹೋಗುತ್ತದೆ. ನೀನು ಅಷ್ಟು ಹೊತ್ತು ಮಾತಾಡಿದ್ದರಲ್ಲಿ ನನಗೆ ಸಿಕ್ಕಿದ್ದು ನಿನ್ನ ಹಣೆ ಮಾತ್ರ. ಕಾಗದ ಬರೆ. ಕಾಗದವಾದರೆ ದಿಂಬಿನ ಕೆಳಗಿಟ್ಟುಕೊಂಡು ಬೇಕೆನಿಸಿದಾಗ ಓದಬಹುದು.

ಇಲ್ಲಿ ಎಲ್ಲರ ಬಾಯಿಗೂ ಮಾಸ್ಕ್. ಉಳಿದವರಿಗೆ ಅದರಿಂದ ಉಸಿರು ಕಟ್ಟುತ್ತದಂತೆ, ನನಗೆ ಕಿವಿಯೇ ಕಟ್ಟಿದೆ. ಮಿಲ್ಲಿನಲ್ಲಿ ಮಗ್ಗಗಳ ಗದ್ದಲದ ನಡುವೆ ನಾವು ಹೆಂಗಸರು ಒಬ್ಬರ ತುಟಿ ಒಬ್ಬರು ನೋಡಿಯೇ ಲೋಕದ ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಆ ಗದ್ದಲ ನನ್ನ ಕಿವಿಯನ್ನು ತಿಂದುಹಾಕಿದಾಗಲೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಕಣ್ಣಿದ್ದರೆ ಸಾಕು ಎನ್ನುತ್ತಿದ್ದೆ. ಈಗ ಆಯಾ ಬಂದು ಎದುರಿಗೆ ನಿಂತು ಹುಬ್ಬು ಕುಣಿಸುತ್ತಾಳೆ. ಊಟಕ್ಕೆ ಕರೆಯುತ್ತಿದ್ದಾಳೋ ಸ್ನಾನಕ್ಕೋ ತಿಳಿಯದೆ ನಾನು ಎರಡಕ್ಕೂ ತಯಾರಾಗಿ ಕೂರುತ್ತೇನೆ.

ಒಂದು ವಿಚಿತ್ರ ಕೇಳು. ಪ್ರತಿ ಚಳಿಗಾಲದಲ್ಲೂ ಈ ಹೊತ್ತಿಗೆ ನಮ್ಮ ಸಾಲಿನಲ್ಲಿ ಎಲ್ಲರ ಭುಜಗಳೂ ಕುಲುಕುತ್ತಿರುತ್ತಿದ್ದವು. ನನಗೆ ಕೆಮ್ಮು ಕೇಳಿಸುವುದಿಲ್ಲ, ಕಾಣುತ್ತದೆ. ಒಂದೆರಡು ಮಂಚಗಳು ಖಾಲಿಯೂ ಆಗುತ್ತಿದ್ದವು. ಈ ಸಲ ಒಂದು ಭುಜವೂ ಅಲ್ಲಾಡಿಲ್ಲ. ನಿನ್ನ ಫ್ಲೂ ಎಲ್ಲಿಗೆ ಹೋಯಿತು? ನೀನು ಅದನ್ನೇ ಹಿಡಿಯುವ ಕೆಲಸದವಳು, ನಿನಗೆ ಗೊತ್ತಿರಬೇಕು.

ಕಿಟಕಿಗೆ ಬಾ. ಹೊರಗಿನವರು ಒಳಗೆ ಬರುವಂತಿಲ್ಲ, ಕೆಳಗಿನ ದೊಡ್ಡ ಗಾಜಿನ ಕಿಟಕಿಯಾಚೆ ನಿಲ್ಲಬಹುದು. ಬೇರೆಯವರು ಅಲ್ಲಿ ನಿಂತು ಕಿರುಚಿ ಗಂಟಲು ಹರಿದುಕೊಳ್ಳುತ್ತಾರೆ. ನಮಗೆ ಆ ಕಷ್ಟವಿಲ್ಲ. ಮಾಸ್ಕ್ ತೆಗೆದು ನಿಂತುಬಿಡು, ಸಾಕು.

ನಾನು ಚೆನ್ನಾಗಿದ್ದೇನೆ.

ಅಮ್ಮ


19 ಡಿಸೆಂಬರ್ 2020

ಅಮ್ಮ,

ಜಗಳ ಒಪ್ಪಿಕೊಂಡೆ. ಕಾಗದವೇ ಬರೆಯುತ್ತೇನೆ. ನನ್ನ ಅಳು ಪಿಟೀಲಿನ ಹಾಗಿತ್ತೆಂದು ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ನನಗೆ ಈ ಹೆಸರಿಟ್ಟವಳು ನೀನು. ಕೇಳಿಸದವಳ ಹತ್ತಿರ ಕುಯ್ಯುವುದಕ್ಕೂ ಕಾಗದವೇ ಸರಿ.

ನಿನ್ನ ಪ್ರಶ್ನೆಯನ್ನು ನಮ್ಮ ಲ್ಯಾಬಿನಲ್ಲೂ ಎಲ್ಲರೂ ಕೇಳುತ್ತಿದ್ದಾರೆ. ಊರೂರಿನ ಕ್ಲಿನಿಕ್ಕುಗಳಿಂದ ಜ್ವರ ಬಂದವರ ಮೂಗಿನ ದ್ರವ ಚಿಕ್ಕ ಕೊಳವೆಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಫ್ಲೂ ಸಿಕ್ಕಿದರೆ, ಒಳಗೆ ಮರಿ ಬೆಳೆಯುತ್ತಿರುವ ಕೋಳಿಮೊಟ್ಟೆಗೆ ಚುಚ್ಚಿ ಬೆಳೆಸುತ್ತೇವೆ. ಹಾಗೆ ಬೆಳೆದದ್ದನ್ನು ನೋಡಿ ಮುಂದಿನ ವರ್ಷದ ಲಸಿಕೆ ಹೇಗಿರಬೇಕೆಂದು ದೊಡ್ಡವರು ತೀರ್ಮಾನಿಸುತ್ತಾರೆ. ಈ ವರ್ಷ ಮೊಟ್ಟೆ ಬರುತ್ತಿವೆ, ಫ್ಲೂ ಬರುತ್ತಿಲ್ಲ. ಮೊಟ್ಟೆ ತರುವವನು ಮೊನ್ನೆ, "ಏನ್ ಮೇಡಂ, ಆಮ್ಲೆಟ್ ಅಂಗಡಿ ಇಡೋದು ಯಾವಾಗ?" ಎಂದು ಕೇಳಿ ಹೋದ.

ಅದು ಎಲ್ಲಿಗೂ ಹೋಗಿಲ್ಲ ಅಮ್ಮ, ಅದಕ್ಕೆ ದಾರಿ ಸಿಗುತ್ತಿಲ್ಲ. ಫ್ಲೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ಹೆಚ್ಚಾಗಿ ಮಕ್ಕಳ ಮೂಗಿನಲ್ಲಿ. ಶಾಲೆಗಳು ಮುಚ್ಚಿವೆ. ದೇಶದಿಂದ ದೇಶಕ್ಕೆ ಹೋಗುವುದು ಪ್ರಯಾಣಿಕರ ಜೊತೆಗೆ. ವಿಮಾನಗಳು ನಿಂತಿವೆ. ಉಳಿದ ಸಂದುಗಳನ್ನು ಮಾಸ್ಕು, ಸೋಪು ಮುಚ್ಚಿವೆ. ಹಾಗಾದರೆ ಕೊರೊನಾ ಯಾಕೆ ನಿಲ್ಲಲಿಲ್ಲ ಎಂದು ನೀನು ಕೇಳೇ ಕೇಳುತ್ತೀ. ಅದು ಯಾರ ಮೈಗೂ ಗುರುತಿಲ್ಲದ್ದು, ಒಬ್ಬರಿಂದ ಇನ್ನೂ ಹೆಚ್ಚು ಜನಕ್ಕೆ ದಾಟುತ್ತದೆ. ಫ್ಲೂ ಹಳೆಯ ಬಾಡಿಗೆದಾರ, ಎಷ್ಟೋ ಮೈಗಳಿಗೆ ಅದರ ಮುಖಪರಿಚಯವಿದೆ, ಅದನ್ನು ತಡೆಯಲು ಬಾಗಿಲು ಅರ್ಧ ಮುಚ್ಚಿದರೂ ಆದೀತು. ಕೊರೊನಾಕ್ಕೆಂದು ಹಾಕಿದ ಬೇಲಿಯಲ್ಲಿ ಕೊರೊನಾ ನುಸುಳಿಕೊಂಡಿತು, ಫ್ಲೂ ಸಿಕ್ಕಿಬಿತ್ತು.

ಆದ್ದರಿಂದ ಆ ಒಂದು ಭಯವನ್ನಾದರೂ ಬಿಟ್ಟು ಹಾಯಾಗಿ ಮಲಗು. ಫ್ಲೂ ಎಲ್ಲೂ ಇಲ್ಲ.

ನನ್ನನ್ನು ಈಗ ಕೊರೊನಾ ಪರೀಕ್ಷೆಗೆ ಹಾಕಿದ್ದಾರೆ. ಬಸ್ಸು ಓಡುತ್ತಿಲ್ಲ. ಓಡಿದ ದಿನ ಬರುತ್ತೇನೆ.

ದೀಪ ಆರಿಸಲಾ?

ಪಿಟೀಲು


11 ಜನವರಿ 2021

ಪ್ರೀತಿಯ ಪಿಟೀಲು,

ನನಗೆ ಹೊಸ ಕೆಲಸ ಸಿಕ್ಕಿದೆ, ಸಂಬಳವಿಲ್ಲ. ಕಿಟಕಿಯಾಚೆ ಬಂದವರು ಏನು ಹೇಳುತ್ತಿದ್ದಾರೆಂದು ಗಾಜಿನೊಳಗಿನವರಿಗೆ ತಿಳಿಯುವುದಿಲ್ಲ, ದಪ್ಪ ಗಾಜು. ಬಂದವರು ಮಾಸ್ಕ್ ಇಳಿಸಿದರೆ ನಾನು ತುಟಿ ನೋಡಿ ಹೇಳುತ್ತೇನೆ. ಕಿವಿ ಸರಿಯಿರುವವರೆಲ್ಲ ಈಗ ಕಿವುಡಿಯ ಮುಖ ನೋಡುತ್ತಾ ಸಾಲುಗಟ್ಟಿ ಕೂರುತ್ತಾರೆ.

ಎದುರು ಕೋಣೆಯಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರ್ ಇದ್ದಾರೆ. ಕಳೆದ ವಾರ ಅವರ ಮಗ ಬಂದಿದ್ದ. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯ ಕಡೆ ತಿರುಗಿ, "ಇನ್ನೆಷ್ಟೊತ್ತು ನಿಂತಿರೋದು, ಕಾಲು ನೋಯ್ತಿದೆ" ಎಂದ. ಪೋಸ್ಟ್‌ಮಾಸ್ಟರು ಆಸೆಯಿಂದ ನನ್ನನ್ನೇ ನೋಡುತ್ತಿದ್ದರು. "ನಿಮ್ಮನ್ನ ಬಿಟ್ಟು ಹೋಗೋಕೆ ಕಾಲೇ ಬರ್ತಿಲ್ವಂತೆ" ಎಂದೆ. ಅದು ಪೂರ್ತಿ ಸುಳ್ಳೇ? ಕಾಲಿನ ವಿಷಯ ಹೇಳಿದ್ದಂತೂ ನಿಜ.

ನಿನ್ನ ಬೇಲಿಯ ಕಥೆಯನ್ನು ಅವರು ಒಪ್ಪುವುದಿಲ್ಲ. "ಫ್ಲೂ ಹಾಗೇ ಇದೆ, ಎಲ್ಲ ಜ್ವರಕ್ಕೂ ಕೊರೊನಾ ಅಂತ ಚೀಟಿ ಅಂಟಿಸ್ತಿದಾರೆ ಅಷ್ಟೆ" ಎಂದು ಕಾಗದದ ಮೇಲೆ ಬರೆದು ತೋರಿಸಿದರು. ನಾನು ಇಬ್ಬರ ಮಾತಿಗೂ ತಲೆಯಾಡಿಸಿದೆ.

ಕಾಗದದ ಕೊನೆಗೆ ನೀನು ದೀಪದ ಮಾತು ಬರೆದಿದ್ದೆಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಚಿಕ್ಕವಳಿದ್ದಾಗ ದಿನಾ ರಾತ್ರಿ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದೆ. ಕತ್ತಲಾದರೆ ನಿನ್ನ ತುಟಿ ನನಗೆ ಕಾಣದು, ದಿನದ ಮಾತನ್ನೆಲ್ಲ ಆಡಿ ಮುಗಿಸಿಯೇ ಆರಿಸಬೇಕಿತ್ತು. ನಾನು ಪ್ರತಿ ಸಲವೂ "ತಾಳು, ಇನ್ನೊಂದು ಮಾತು" ಎನ್ನುತ್ತಿದ್ದೆ. ಈಗಲೂ ಅದೇ ಉತ್ತರ. ತಾಳು.

ಮೊನ್ನೆ ಕಿಟಕಿಯಾಚೆ ಒಬ್ಬಾಕೆ ಇನ್ನೊಬ್ಬಾಕೆಗೆ, "ಬಸ್ಸು ಬಿಟ್ಟಿದಾರಲ್ಲ, ಇನ್ಮೇಲೆ ವಾರವಾರ ಬರಬಹುದು" ಎಂದದ್ದನ್ನು ನೋಡಿದೆ. ನಿಮ್ಮ ಕಡೆಗೆ ಬೇರೆ ಬಸ್ಸುಗಳಿರಬೇಕು ಎಂದುಕೊಂಡೆ.

ಅಮ್ಮ


2 ಫೆಬ್ರವರಿ 2021

ಅಮ್ಮ,

ನಿನ್ನ ಪೋಸ್ಟ್‌ಮಾಸ್ಟರಿಗೆ ಹೇಳು, ನಾವು ಚೀಟಿ ನೋಡುವವರಲ್ಲ, ಕೊಳವೆ ನೋಡುವವರು. ಒಂದೇ ದ್ರವದಲ್ಲಿ ಎರಡನ್ನೂ ಹುಡುಕುತ್ತೇವೆ. ಜನ ಆಸ್ಪತ್ರೆಯ ಕಡೆ ತಲೆ ಹಾಕಲು ಹೆದರಿ ಕೆಲವು ಜ್ವರಗಳು ಲೆಕ್ಕಕ್ಕೆ ಸಿಗದೆ ಹೋಗಿರಬಹುದು, ಅಷ್ಟನ್ನು ಒಪ್ಪುತ್ತೇನೆ. ಆದರೆ ಪರೀಕ್ಷೆ ಮಾಡಿದವರಲ್ಲೂ ಫ್ಲೂ ಇಲ್ಲ. ಇಲ್ಲದ್ದನ್ನು ಇದೆ ಎನ್ನುವವರ ಜೊತೆ ದಿನವಿಡೀ ವಾದ ಮಾಡಿ ಸಾಕಾಗಿದೆ, ನೀನೂ ಅವರ ಮಾತಿಗೆ ತಲೆಯಾಡಿಸಬೇಡ.

ನಿನಗೆ ಇದು ಸಂತೋಷದ ಸುದ್ದಿ. ನನಗೆ ಅಷ್ಟಾಗಿ ಅಲ್ಲ. ಫ್ಲೂ ವರ್ಷವರ್ಷವೂ ವೇಷ ಬದಲಾಯಿಸುತ್ತದೆ. ಈಗಿನ ವೇಷ ನೋಡದೆ ಮುಂದಿನ ಲಸಿಕೆ ಮಾಡುವುದೆಂದರೆ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಜೊತೆಗೆ ಜನರ ಮೈಗಳೂ ಅದರ ಪರಿಚಯ ಮರೆಯುತ್ತಿವೆ. ಬೇಲಿ ತೆಗೆದ ಮೇಲೆ ಅದು ಬರುತ್ತದೆ, ಸುಮ್ಮನೆ ಬರುವುದಿಲ್ಲ. ಪ್ರತಿದಿನ ಐಸ್ ಪೆಟ್ಟಿಗೆ ಬಿಚ್ಚುವಾಗ, ಇವತ್ತಾದರೂ ಒಂದು ಫ್ಲೂ ಸಿಗಲಿ ಎಂದುಕೊಳ್ಳುತ್ತೇನೆ. ಯಾರಿಗಾದರೂ ಜ್ವರ ಬರಲಿ ಎಂದು ಹಾರೈಸುವ ಕೆಲಸ ನನ್ನದಾಗಿಹೋಗಿದೆ. ಒಂದು ಮೊಟ್ಟೆಗಾದರೂ ಕೆಲಸ ಸಿಕ್ಕಿದರೆ ಅಂದು ಊಟ ರುಚಿಸೀತು.

ರಜೆ ಸಿಗುತ್ತಿಲ್ಲ. ಸಿಕ್ಕಿದ ಮೇಲೆ ನೋಡೋಣ.

ಪಿಟೀಲು


28 ಮಾರ್ಚ್ 2021

ಪಿಟೀಲು,

ಪೋಸ್ಟ್‌ಮಾಸ್ಟರ್ ಹೋದರು. ಜ್ವರವಿಲ್ಲ, ಕೆಮ್ಮಿಲ್ಲ, ಅವರ ಭುಜ ಒಂದು ದಿನವೂ ಕುಲುಕಲಿಲ್ಲ. ಮಗ ಕಿಟಕಿಗೆ ಬರುವುದು ನಿಂತ ಮೇಲೆ ಊಟ ಬಿಡುತ್ತಾ ಬಂದರು. ಕೊನೆಕೊನೆಗೆ ಖಾಲಿ ಗಾಜಿನ ಮುಂದೆ ಕೂತು, ಏನು ಹೇಳುತ್ತಿದ್ದಾನೆ ಎಂದು ನನ್ನ ಕಡೆ ಕೈಯಾಡಿಸಿ ಕೇಳುತ್ತಿದ್ದರು. ನಾನು ಏನಾದರೊಂದು ಹೇಳುತ್ತಿದ್ದೆ.

ನೀನು ಮೊದಲು ಬಸ್ಸಿಲ್ಲ ಎಂದೆ. ಆಮೇಲೆ ರಜೆಯಿಲ್ಲ ಎಂದೆ. ಹೋದ ಕಾಗದದ ತುಂಬ ಮೊಟ್ಟೆಗಳಿದ್ದವು, ಅಮ್ಮ ಹೇಗಿದ್ದೀ ಎಂಬ ಒಂದು ಸಾಲಿರಲಿಲ್ಲ. ಬೇರೆಯವರ ಮಕ್ಕಳ ಮಾತನ್ನು ನಾನು ತಿದ್ದಿ ಹೇಳುತ್ತೇನೆ. ನಿನ್ನ ಮಾತನ್ನು ನನಗೆ ತಿದ್ದಿ ಹೇಳುವವರು ಇಲ್ಲಿ ಯಾರೂ ಇಲ್ಲ.

ಅಮ್ಮ


12 ಏಪ್ರಿಲ್ 2021

ಅಮ್ಮ,

ಬಸ್ಸು ಇತ್ತು. ಕೇಳಿದ್ದರೆ ರಜೆಯೂ ಸಿಗುತ್ತಿತ್ತು. ಹೆದರಿಕೆಯಿಂದ ಬರಲಿಲ್ಲ.

ಬೆಳಗಿನಿಂದ ಸಂಜೆಯವರೆಗೆ ಕೊರೊನಾ ಕೊಳವೆಗಳ ನಡುವೆ ಇರುತ್ತೇನೆ. ಲ್ಯಾಬಿನಲ್ಲಿ ಎಷ್ಟೇ ಹುಷಾರಾಗಿದ್ದರೂ ಮನೆಗೆ ಬಂದ ಮೇಲೆ ನನ್ನ ಕೈಯನ್ನೇ ನಾನು ನಂಬುವುದಿಲ್ಲ. ಗಾಜಿದೆಯಲ್ಲ ಎನ್ನುತ್ತೀ. ನಿನ್ನ ಮುಖ ಕಂಡ ಮೇಲೂ ಗಾಜಿನಾಚೆಯೇ ನಿಂತಿರುತ್ತೇನೆಂಬ ಧೈರ್ಯ ನನಗಿಲ್ಲ. ಆಯಾಳನ್ನು ಗೋಗರೆದು ಬಾಗಿಲು ತೆಗೆಸಿಬಿಟ್ಟೇನು. ಆಮೇಲೆ ನಿನಗೇನಾದರೂ ಆದರೆ ನಾನು ಬದುಕಿದ್ದೂ ಪ್ರಯೋಜನವಿಲ್ಲ. ನನಗೆ ಗೊತ್ತಿರುವುದು ಒಂದೇ ವಿದ್ಯೆ, ದೂರ ಇರುವುದು. ಫ್ಲೂ ನಿಂತದ್ದೂ ಅದರಿಂದಲೇ, ಪೋಸ್ಟ್‌ಮಾಸ್ಟರು ಹೋದದ್ದೂ ಅದರಿಂದಲೇ. ಇದನ್ನು ಯಾರಿಗೆ ಹೇಳಲಿ?

ಇಬ್ಬರಿಗೂ ಲಸಿಕೆ ಆಗಲಿ, ಕಾಯಿಲೆಯ ಈ ಅಬ್ಬರ ಇಳಿಯಲಿ. ಬರುತ್ತೇನೆ. ಊಟ ಬಿಡಬೇಡ.

ಪಿಟೀಲು


5 ಡಿಸೆಂಬರ್ 2021

ಪ್ರೀತಿಯ ಪಿಟೀಲು,

ಇಷ್ಟು ತಿಂಗಳು ನೀನು ನಾಲ್ಕು ಸಾಲಿನ ಕಾರ್ಡು, ನಾನು ಮೂರು ಸಾಲಿನ ಕಾರ್ಡು. ಇಬ್ಬರೂ ಹೆದರಿಕೊಂಡೇ ಬರೆದದ್ದು. ಇವತ್ತು ಉದ್ದ ಬರೆಯುವಷ್ಟು ಸುದ್ದಿಯಿದೆ.

ಆಯಾ ನನ್ನ ಜೊತೆ ಮಾತಾಡುತ್ತಿದ್ದಾಳೆ. ಬೆಳಿಗ್ಗೆ ತಲೆ ಬಾಚುವಾಗ ಬಾಗಿಲು ಹಾಕಿ, ಮಾಸ್ಕನ್ನು ಗಲ್ಲಕ್ಕೆ ಇಳಿಸುತ್ತಾಳೆ. ಮೊದಲು ಒಪ್ಪಲಿಲ್ಲ, "ಅಜ್ಜಿ, ಮೇಟ್ರನ್ ಕೊಂದೇಬಿಡ್ತಾರೆ" ಎಂದು ಬರೆದು ತೋರಿಸಿದಳು. ಕೊರೊನಾಕ್ಕೆ ಸೂಜಿ ಚುಚ್ಚಿಸಿಕೊಂಡಿದ್ದೇನೆ, ಫ್ಲೂಗೂ ಚುಚ್ಚಿಸಿಕೊಂಡಿದ್ದೇನೆ, ಇನ್ನೇನು ಎಂದೆ. ನೀನು ಬರೆದ ಕಾಗದವನ್ನೂ ತೋರಿಸಿದೆ, ಫ್ಲೂ ಎಲ್ಲೂ ಇಲ್ಲ, ಹಾಯಾಗಿ ಮಲಗು ಎಂದಿದ್ದೆಯಲ್ಲ, ಅದು. ಲ್ಯಾಬಿನವರೇ ಬರೆದದ್ದೆಂದ ಮೇಲೆ ಅವಳೂ ಮೆತ್ತಗಾದಳು.

ಎಷ್ಟು ಕಾಲದ ಮೇಲೆ ಒಂದು ಬಾಯಿ ನೋಡಿದೆ. ಅವಳ ಮುಂದಿನ ಹಲ್ಲು ಸ್ವಲ್ಪ ಮುರಿದಿದೆ, ನನಗೆ ಗೊತ್ತೇ ಇರಲಿಲ್ಲ. ಅವಳ ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಮೊದಲ ದಿನ ಹೋಗಲ್ಲ ಎಂದು ಅತ್ತನಂತೆ, ಎರಡನೆಯ ದಿನ ಮನೆಗೆ ಬರಲ್ಲ ಎಂದು ಅತ್ತನಂತೆ. ಇಂಥ ಮಾತು ಕೇಳಿ ಎಷ್ಟು ದಿನವಾಗಿತ್ತು. ಬಾಚಿ ಮುಗಿದರೂ ಇನ್ನೊಂದು ಸಲ ಬಾಚು ಎನ್ನುತ್ತೇನೆ.

ನೀನು ಬಂದರೆ ಇನ್ನೇನೂ ಬೇಡ.

ಅಮ್ಮ


2 ಜನವರಿ 2022

ಅಮ್ಮ,

ರಜೆ ಸಿಕ್ಕಿತು. ಈ ತಿಂಗಳ ಇಪ್ಪತ್ಮೂರು, ಭಾನುವಾರ, ಬೆಳಿಗ್ಗೆ ಕಿಟಕಿಯ ಹೊರಗೆ ನಿಂತಿರುತ್ತೇನೆ. ಹೆದರಿಕೆ ಹೋಗಿಲ್ಲ, ಆದರೂ ಬರುತ್ತೇನೆ. ಕನ್ನಡಿಯ ಮುಂದೆ ನಿಂತು ಮಿಲ್ಲಿನ ಮಾತು ಅಭ್ಯಾಸ ಮಾಡುತ್ತಿದ್ದೇನೆ, ತುಟಿಗಳು ಜಡ್ಡುಗಟ್ಟಿವೆ.

ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ನೀನು ಆಯಾಳಿಗೆ ತೋರಿಸಿದ ಕಾಗದ ಹೋದ ಚಳಿಗಾಲದ್ದು. ಆಗ ಶಾಲೆ ಮುಚ್ಚಿತ್ತು. ಈಗ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾರೆ, ಅಲ್ಲಲ್ಲಿ ಫ್ಲೂ ತಲೆಯೆತ್ತಿದೆಯೆಂದು ಬೇರೆ ದೇಶಗಳಿಂದ ಸುದ್ದಿ ಬರುತ್ತಿದೆ. ಸೂಜಿ ಚುಚ್ಚಿಸಿಕೊಂಡದ್ದು ಒಳ್ಳೆಯದೇ, ಆದರೆ ಈ ವರ್ಷದ ಲಸಿಕೆ ಬೆರಳೆಣಿಕೆಯ ಮಾದರಿಗಳನ್ನು ನೋಡಿ ಅಂದಾಜಿನಲ್ಲಿ ಆರಿಸಿದ್ದು. ನಾನು ಬರುವವರೆಗೆ ಆಯಾ ಮಾಸ್ಕ್ ಹಾಕಿಕೊಂಡೇ ಬಾಚಲಿ. ಬಾಯಿ ನೋಡಲೇಬೇಕೆಂದರೆ ನನ್ನದನ್ನು ನೋಡು, ಗಾಜಿನಾಚೆಯಿಂದ, ಬೇಕಾದಷ್ಟು ಹೊತ್ತು.

ಪಿಟೀಲು


17 ಜನವರಿ 2022

ಪಿಟೀಲು,

ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ಮಲಗಿಕೊಂಡು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬರುವ ಹೊತ್ತಿಗೆ ಆಯಾಳ ಹುಡುಗನಿಗೆ ಜ್ವರ ಬಂದು ಹೋಗಿತ್ತು. ಅವಳಿಗೂ ಗಂಟಲು ಕಟ್ಟಿತ್ತಂತೆ, ನನಗೆ ಹೇಗೆ ತಿಳಿಯಬೇಕು, ತುಟಿ ನೋಡಿದರೆ ದನಿ ಕಟ್ಟಿದ್ದು ಕಾಣುವುದಿಲ್ಲ. ಈಗ ನಮ್ಮ ಸಾಲಿನಲ್ಲಿ ಭುಜಗಳು ಕುಲುಕುತ್ತಿವೆ. ಅವಳನ್ನು ಬೈಯಬೇಡ. ಬಾಯಿ ತೋರಿಸು ಎಂದು ಪೀಡಿಸಿದವಳು ನಾನು.

ಶನಿವಾರ ಕ್ಲಿನಿಕ್ಕಿನಿಂದ ಒಬ್ಬಳು ಬಂದು ನನ್ನ ಮೂಗಿಗೆ ಕಡ್ಡಿ ಹಾಕಿ ಕೊಳವೆಯಲ್ಲಿಟ್ಟುಕೊಂಡು ಹೋದಳು. ಇದನ್ನು ನನ್ನ ಮಗಳ ಲ್ಯಾಬಿಗೇ ಕಳಿಸಿ, ಅವಳ ಮೊಟ್ಟೆಗಳು ಕಾಯುತ್ತಿವೆ ಎಂದೆ. ನಕ್ಕಳು ಎಂದು ಕಾಣುತ್ತದೆ, ಕಣ್ಣಿನಲ್ಲಿ ಗೊತ್ತಾಯಿತು. ನೀನು ವರ್ಷಪೂರ್ತಿ ಒಂದು ಫ್ಲೂ ಬೇಕು ಎಂದು ಹಂಬಲಿಸಿದೆಯಲ್ಲ, ತಾಯಿಯಾದವಳು ಕಳಿಸಿದ್ದಾಳೆ, ತಗೋ.

ನಿನಗೆ ಫೋನು ಮಾಡಬೇಡಿ ಎಂದು ಮೇಟ್ರನ್ನಿಗೆ ಹೇಳಿದ್ದೇನೆ. ಹೇಗೂ ಭಾನುವಾರ ಬರುತ್ತೀಯಲ್ಲ. ಅಷ್ಟರಲ್ಲಿ ಎದ್ದು ಕೂರುತ್ತೇನೆ. ಕಿಟಕಿಯ ಹತ್ತಿರ ಬೆಳಕಿನ ಕಡೆ ಮುಖ ಮಾಡಿ ನಿಲ್ಲು, ಬೆನ್ನ ಹಿಂದೆ ಬಿಸಿಲಿದ್ದರೆ ತುಟಿ ಕಪ್ಪಾಗಿ ಕಾಣುತ್ತದೆ.

ಅಮ್ಮ


19 ಜನವರಿ 2022

ಅಮ್ಮ,

ಸಿಕ್ಕಿತು.

ಇವತ್ತು ಬೆಳಿಗ್ಗೆ ಯಂತ್ರದ ಪರದೆಯ ಮೇಲೆ ಗೆರೆ ಏರಿದಾಗ ಯಾರೂ ನಂಬಲಿಲ್ಲ. ಮತ್ತೊಮ್ಮೆ ಮಾಡಿದೆವು, ಮತ್ತೆ ಏರಿತು. ನಮ್ಮ ಲ್ಯಾಬಿಗೆ ಎರಡು ಚಳಿಗಾಲದಲ್ಲಿ ಸಿಕ್ಕಿದ ಮೊದಲ ಫ್ಲೂ. ಬಾಯಿ ಬಿಟ್ಟು ಒಂದು ಒಳ್ಳೆಯ ಮಾತಾಡದ ನಮ್ಮ ಮುಖ್ಯಸ್ಥರೇ ನಮ್ಮೆಲ್ಲರ ಜೊತೆ ಚಪ್ಪಾಳೆ ತಟ್ಟಿದರು. ನಾನಂತೂ ಮೊಟ್ಟೆಯವನಿಗೆ ಫೋನು ಮಾಡಿ, ಆಮ್ಲೆಟ್ ಅಂಗಡಿ ಮುಚ್ಚಿತು ಎಂದೆ. ನಿನ್ನ ಮಗಳು ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಮಾದರಿಯ ಮೇಲೆ ಹೆಸರಿರುವುದಿಲ್ಲ. ವಯಸ್ಸಾದ ಹೆಂಗಸು ಎಂದಷ್ಟೇ ಗೊತ್ತು. ಬಂದದ್ದು ನಿಮ್ಮ ಕಡೆಯಿಂದಲೇ, ಅದಕ್ಕೇ ಹೇಳುತ್ತಿದ್ದೇನೆ, ಹುಷಾರು. ಪಾಪ ಆಕೆ ಯಾರೋ, ಮನಸ್ಸಿನಲ್ಲೇ ಕೈ ಮುಗಿದೆ.

ಈಗ ಕೇಳುವುದಕ್ಕೆ ನಾಚಿಕೆಯಾಗುತ್ತಿದೆ. ಇದನ್ನು ಮೊಟ್ಟೆಗೆ ಹಾಕಿದ ಮೇಲೆ ಕೆಲವು ದಿನ ಬಿಟ್ಟುಬರುವಂತಿಲ್ಲ, ಕೈಪಳಗಿದವಳು ನಾನೊಬ್ಬಳೇ. ಈ ಭಾನುವಾರದ ಬದಲು ಮುಂದಿನ ಭಾನುವಾರ ಬರಲೇ? ಒಂದೇ ವಾರ. ಇಷ್ಟು ಕಾದವಳು ನೀನು, ಬೇಡ ಎನ್ನುವುದಿಲ್ಲವೆಂದು ಗೊತ್ತು.

ಪಿಟೀಲು


23 ಜನವರಿ 2022, ಕಿಟಕಿಯ ಹೊರಗಿನ ಬೆಂಚು

ಅಮ್ಮ,

ನೀನು ಸೋಮವಾರ ಬರೆದ ಕಾಗದ ನಿನ್ನೆ ಮಧ್ಯಾಹ್ನ ಕೈಗೆ ಬಂತು. ಲ್ಯಾಬಿನ ಕೋಟು ತೆಗೆಯದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಹೇಳಿದ ಭಾನುವಾರವೇ ಬಂದಿದ್ದೇನೆ.

ಜ್ವರ ಹರಡಿದೆಯೆಂದು ನಿಲಯದ ಬಾಗಿಲನ್ನು ಪೂರ್ತಿ ಹಾಕಿದ್ದಾರೆ. ಹಾಕಬೇಕಾದ್ದೇ. ನಾನೇ ಮೇಟ್ರನ್ ಆಗಿದ್ದರೂ ಹಾಕುತ್ತಿದ್ದೆ. ಆಸ್ಪತ್ರೆಯಲ್ಲಿ ಮಂಚ ಖಾಲಿಯಿಲ್ಲ, ಡಾಕ್ಟರು ಇಲ್ಲಿಗೇ ಬಂದು ಹೋಗುತ್ತಿದ್ದಾರೆ. ಆಯಾ ನಿನ್ನ ಮಂಚವನ್ನು ಈ ಕಿಟಕಿಯ ಹತ್ತಿರಕ್ಕೆ ತಳ್ಳಿಸಿದ್ದಾಳೆ. ಬಾಗಿಲ ಸಂದಿಯಲ್ಲಿ ನಿಂತು, "ನನ್ನಿಂದಾನೇ ಆಯ್ತು ಅಕ್ಕ" ಎಂದು ಅತ್ತಳು. ಬೈಯಲು ನನಗೆ ಬಾಯಿ ಬರಲಿಲ್ಲ. ಅವಳ ಮಾಸ್ಕ್ ಇಳಿಸಿದ್ದು ನನ್ನ ಕಾಗದ.

ನಾನು ಬುಧವಾರ ಬರೆದದ್ದು ನಿನ್ನ ನೀರಿನ ಲೋಟದ ಪಕ್ಕ ಹಾಗೇ ಇದೆ, ಒಡೆದಿಲ್ಲ. ಇಲ್ಲಿಂದ ಕಾಣುತ್ತಿದೆ. ಅದನ್ನು ಓದಬೇಡ. ತೆಗೆದುಬಿಡು ಎಂದು ಆಯಾಳಿಗೆ ಹೇಳುತ್ತೇನೆ. ಹೆಸರಿಲ್ಲದ ಆ ಹೆಂಗಸಿಗೆ ಚಪ್ಪಾಳೆ ತಟ್ಟಿದ ಕೈಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಲ್ಯಾಬಿನಿಂದ ಈಗಷ್ಟೇ ಫೋನು ಬಂತು. ನಿನ್ನಿಂದ ಬಂದದ್ದು ಮೊಟ್ಟೆಗಳಲ್ಲಿ ಚೆನ್ನಾಗಿ ಬೆಳೆಯುತ್ತಿದೆಯಂತೆ, ಬೆಚ್ಚಗಿದೆಯಂತೆ, ಒಳ್ಳೆಯ ಮಾದರಿಯಂತೆ. ಅದಕ್ಕೆ ಏನು ಬೇಕೋ ಎಲ್ಲ ನನಗೆ ಗೊತ್ತು. ನಿನಗೆ ಒಂದು ಲೋಟ ನೀರು ಕುಡಿಸಲು ನನ್ನಿಂದ ಆಗುತ್ತಿಲ್ಲ.

ಮಧ್ಯಾಹ್ನ ಆಯಾ ನಿನ್ನ ಭುಜ ಮುಟ್ಟಿ ಎಬ್ಬಿಸಿದಳು. ಅರೆಗಣ್ಣು ತೆರೆದು ಸೂರು ನೋಡಿ ಮತ್ತೆ ಮುಚ್ಚಿದೆ. ಅಷ್ಟರಲ್ಲಿ ನಾನು ಏನೇನೋ ಹೇಳಿದೆ. ಬೇರೆಯವರ ಮಕ್ಕಳಾಗಿದ್ದರೆ ಗಾಜು ಬಡಿದಾರು, ಕೂಗಿ ಕರೆದಾರು. ನಾನು ಬಡಿದರೆ ನಿನಗೆ ಕೇಳಿಸದು, ಕೂಗಿದರೂ ಕೇಳಿಸದು. ನಿನ್ನನ್ನು ಕರೆಯಲು ನನಗಿರುವುದು ನಿನ್ನ ಕಣ್ಣೊಂದೇ, ಅದು ಮುಚ್ಚಿದೆ.

ಸಂಜೆಯಾಗುತ್ತಿದೆ. ನೀನು ಹೇಳಿದಂತೆ ಬೆಳಕಿನ ಕಡೆ ಮುಖ ಮಾಡಿಯೇ ನಿಂತಿದ್ದೆ, ಈಗ ಈ ಕಡೆ ಬೆಳಕೇ ಉಳಿದಿಲ್ಲ. ನಿನ್ನ ಮಂಚದ ಮೇಲಿನ ದೀಪ ಆರಿಸಬೇಡ ಎಂದು ಆಯಾಳಿಗೆ ಹೇಳಿದ್ದೇನೆ. ಈ ಕಾಗದವನ್ನು ಅವಳ ಕೈಗೆ ಕೊಟ್ಟು ಮತ್ತೆ ಗಾಜಿನ ಹತ್ತಿರ ಹೋಗುತ್ತೇನೆ. ಮಾಸ್ಕ್ ತೆಗೆದಿದ್ದೇನೆ. ಫೋನಿನ ಟಾರ್ಚನ್ನು ನನ್ನ ಬಾಯಿಗೇ ಹಿಡಿದುಕೊಂಡು ನಿಂತಿರುತ್ತೇನೆ. ಯಾವಾಗ ಕಣ್ಣು ಬಿಟ್ಟರೂ ನಿನಗೆ ಮೊದಲು ಕಾಣುವುದು ನನ್ನ ತುಟಿಯೇ ಆಗಿರುತ್ತದೆ.

ತಾಳು ಅಮ್ಮ, ಇನ್ನೊಂದು ಮಾತು.

ಪಿಟೀಲು